ಪ್ರಾಸ ಬಿಟ್ಟವರು, ಲಯ ಕಲಿತವರು

'ಕವಿತೆ ಹುಟ್ಟಿನಿಂದಲೇ ಬರಬೇಕು, ಕಲಿತರೆ ಬರುವುದಿಲ್ಲ' ಎಂಬ ಮಾತು ನಮ್ಮ ಊರುಗಳಲ್ಲಿ ಈಗಲೂ ಇದೆ. ಇದನ್ನು ಕೇಳಿಯೇ ನೋಟ್‌ಬುಕ್ ಮುಚ್ಚಿಟ್ಟ ಹುಡುಗ ಹುಡುಗಿಯರು ಎಷ್ಟು ಮಂದಿಯೋ! ಆದರೆ ಹೊಸಗನ್ನಡ ಕವಿತೆಯ ಚರಿತ್ರೆ ತಿರುವಿದರೆ ನಮಗೆ ಸಿಗುವುದು ಕಲಿತವರ ಕತೆ.

ಹಿಂದೆ ಪದ್ಯಕ್ಕೆ ದ್ವಿತೀಯಾಕ್ಷರ ಪ್ರಾಸ ಕಡ್ಡಾಯವಾಗಿತ್ತು. ಒಂದು ಸಾಲು 'ಮನೆ' ಎಂದು ಶುರುವಾದರೆ ಮುಂದಿನ ಸಾಲುಗಳು 'ತೆನೆ', 'ಕೊನೆ' ಎಂದು ಶುರುವಾಗಬೇಕು. ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಪ್ರಾಸ ಹೊಂದಿಸಲು ಹೋಗಿ ಎಷ್ಟೋ ಸಲ ಹೇಳಬೇಕಾದ ಮಾತೇ ತಪ್ಪಿಹೋಗುತ್ತಿತ್ತು. 1911ರಲ್ಲಿ ಮಂಜೇಶ್ವರದ ಗೋವಿಂದ ಪೈ ಈ ಪ್ರಾಸವನ್ನು ಬಿಟ್ಟರು.

ಪ್ರಾಸ ಬಿಟ್ಟ ಮೇಲೆ ಪದ್ಯವನ್ನು ಹಿಡಿದು ನಿಲ್ಲಿಸುವುದು ಯಾವುದು? ಮೈಸೂರಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತರುತ್ತಲೇ ಉತ್ತರ ಹುಡುಕಿದರು. ಮೂರು, ನಾಲ್ಕು, ಐದು ಮಾತ್ರೆಗಳ ಗುಂಪುಗಳಿಂದ ಹೊಸ ಲಯಗಳನ್ನು ಕಟ್ಟಿದರು. ಆ ಕವಿತೆಗಳು 1926ರಲ್ಲಿ 'ಇಂಗ್ಲಿಷ್ ಗೀತಗಳು' ಪುಸ್ತಕವಾಗಿ ಬಂದವು. ಆ ಕಾಲದ ಎಳೆಯ ಕವಿಗಳಿಗೆ ಅದೇ ಪಾಠಶಾಲೆ.

ಕುವೆಂಪು ಅವರ ಮೊದಲ ಪುಸ್ತಕ, 1922ರದ್ದು, ಇಂಗ್ಲಿಷಿನಲ್ಲಿತ್ತು. ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಹೇಳಿದ ಮೇಲೆ ಅವರು ಕನ್ನಡಕ್ಕೆ ಹೊರಳಿದರು.

ಮುಂದೆ ಗೋಪಾಲಕೃಷ್ಣ ಅಡಿಗರ ಸರದಿ. ನವೋದಯದ ಹಾಡಿನ ಧಾಟಿಯಲ್ಲೇ ಬರೆಯಲು ತೊಡಗಿದ ಅವರಿಗೆ ಸ್ವಾತಂತ್ರ್ಯದ ನಂತರದ ನಿರಾಸೆ, ಸಿಟ್ಟು ಹೇಳಲು ಆ ಧಾಟಿ ಸಾಲಲಿಲ್ಲ. ಎಲಿಯಟ್‌ನಂಥ ಕವಿಗಳನ್ನು ಓದಿದರು, ಆಡುಮಾತಿನ ಏರಿಳಿತವನ್ನು ಸಾಲಿಗೆ ತಂದರು. 1954ರ 'ಚಂಡೆಮದ್ದಳೆ'ಯಲ್ಲಿ ಆ ಹೊಸ ದನಿ ಕೇಳುತ್ತದೆ.

ಇವರೆಲ್ಲ ಮಾಡಿದ ಕೆಲಸವನ್ನು ನೀವೂ ಶುರು ಮಾಡಬಹುದು. ಗ್ರಂಥಾಲಯದಿಂದ ನಿಮಗೆ ಹಿಡಿಸಿದ ಒಬ್ಬ ಕವಿಯ ಪುಸ್ತಕ ತನ್ನಿ. ಹತ್ತು ಸಾಲು ಕೈಯಾರೆ ಬರೆದುಕೊಳ್ಳಿ. ಮಾತ್ರೆ ಎಣಿಸಿ: 'ಮಳೆ' ಎರಡು, 'ಮಾವು' ಮೂರು. ಸಾಲು ಎಲ್ಲಿ ಮುರಿಯುತ್ತದೆ, ಯಾಕೆ ಅಲ್ಲೇ ಮುರಿಯುತ್ತದೆ, ಗಟ್ಟಿಯಾಗಿ ಓದಿ ನೋಡಿ. ಆಮೇಲೆ ಆ ಪುಸ್ತಕ ಮುಚ್ಚಿ, ನಿಮ್ಮ ಹೊಲದ ಬದುವಿನ ಬಗ್ಗೆ ನಾಲ್ಕು ಸಾಲು ಬರೆಯಿರಿ.