ಮಾಯಾ ಅವಶೇಷಗಳ ಅನ್ವೇಷಣೆ: ಸ್ಟೀಫನ್ಸ್ ಮತ್ತು ಕ್ಯಾದರ್‌ವುಡ್

ಮಧ್ಯ ಅಮೆರಿಕದ ಕಾಡುಗಳಲ್ಲಿ ಮುಚ್ಚಿಹೋಗಿದ್ದ ಮಾಯಾ ನಗರಗಳನ್ನು 1839 ಮತ್ತು 1842ರ ನಡುವೆ ಎರಡು ಬಾರಿ ಸುತ್ತಿ, ಅವುಗಳ ಮೊದಲ ವಿಶ್ವಾಸಾರ್ಹ ಚಿತ್ರಣ ಕೊಟ್ಟವರು ಅಮೆರಿಕದ ವಕೀಲ ಜಾನ್ ಲಾಯ್ಡ್ ಸ್ಟೀಫನ್ಸ್ (1805–1852) ಮತ್ತು ಲಂಡನ್ನಿನ ವಾಸ್ತುಶಿಲ್ಪಿ, ಚಿತ್ರಕಾರ ಫ್ರೆಡರಿಕ್ ಕ್ಯಾದರ್‌ವುಡ್ (1799–1854). ಇವರೇ ಆ ನಗರಗಳನ್ನು ಕಂಡುಹಿಡಿದರೆಂಬ ಮಾತು ಸರಿಯಲ್ಲ. ಸುತ್ತಲ ಹಳ್ಳಿಗರಿಗೆ ಅವು ಗೊತ್ತಿದ್ದವು. ಸ್ಪೇನಿನ ಅಧಿಕಾರಿ ಗಾರ್ಸಿಯಾ ದೆ ಪಲಾಸಿಯೊ 1576ರಲ್ಲೇ ಕೊಪಾನಿನ ಬಗ್ಗೆ ತನ್ನ ದೊರೆಗೆ ಬರೆದಿದ್ದ. ಸೇನಾಧಿಕಾರಿ ಆಂತೋನಿಯೊ ದೆಲ್ ರಿಯೊ 1787ರಲ್ಲಿ ಇಂದಿನ ಮೆಕ್ಸಿಕೋದ ಪಾಲೆಂಕೆಯನ್ನು ಪರಿಶೀಲಿಸಿದ್ದ. ಆದರೆ ನೆಚ್ಚಬಹುದಾದ ಚಿತ್ರಗಳು ಕಡಿಮೆ. 1830ರ ದಶಕದಲ್ಲಿ ಪಾಲೆಂಕೆಗೆ ಹೋದ ಚಿತ್ರಕಾರ ವಾಲ್ಡೆಕ್‌ನ ಚಿತ್ರಗಳಲ್ಲಂತೂ ಆ ನಾಡಿನಲ್ಲಿಲ್ಲದ ಆನೆಯ ತಲೆಗಳೂ ಕಾಣಿಸಿಕೊಂಡಿವೆ. ಈ ನಗರಗಳನ್ನು ಕಟ್ಟಿದವರು ಈಜಿಪ್ಟಿನವರೋ ಫಿನೀಷಿಯನ್ನರೋ ಇಸ್ರೇಲಿನ ಕಳೆದುಹೋದ ಕುಲದವರೋ ಇರಬೇಕೆಂಬ ಊಹೆಗಳಿಗೆ ಇಂಥ ಚಿತ್ರಗಳೇ ಇಂಬುಕೊಟ್ಟವು.

ಸ್ಟೀಫನ್ಸ್ ಈಜಿಪ್ಟ್ ಮತ್ತು ಪೆಟ್ರಾಗಳನ್ನು ನೋಡಿಬಂದು 1837ರಲ್ಲಿ ಪ್ರಕಟಿಸಿದ ಪ್ರವಾಸಕಥನದಿಂದ ಹೆಸರು ಮಾಡಿದ್ದ. ಕ್ಯಾದರ್‌ವುಡ್ ಕೂಡ ಈಜಿಪ್ಟಿನ ದೇಗುಲಗಳನ್ನು ವರ್ಷಗಟ್ಟಲೆ ಚಿತ್ರಿಸಿದ್ದ. ಹೋಲಿಸಿ ನೋಡುವ ಕಣ್ಣು ಇಬ್ಬರಿಗೂ ಇತ್ತೆಂಬುದೇ ಈ ಪ್ರವಾಸದ ಮುಖ್ಯ ಬಂಡವಾಳ. ಅಮೆರಿಕದ ಅಧ್ಯಕ್ಷ ವ್ಯಾನ್ ಬ್ಯೂರನ್ ಸ್ಟೀಫನ್ಸ್‌ನನ್ನು ಮಧ್ಯ ಅಮೆರಿಕದ ಒಕ್ಕೂಟಕ್ಕೆ ರಾಯಭಾರಿಯಾಗಿ ನೇಮಿಸಿದ. ಒಕ್ಕೂಟ ಆಗಲೇ ಅಂತರ್ಯುದ್ಧದಲ್ಲಿ ಒಡೆಯುತ್ತಿತ್ತು. ಅಧಿಕಾರಪತ್ರ ಒಪ್ಪಿಸೋಣವೆಂದರೆ ಸ್ಥಿರವಾದ ಸರ್ಕಾರವೇ ಇರಲಿಲ್ಲ.

1839ರ ಅಕ್ಟೋಬರ್ 3ರಂದು ನ್ಯೂಯಾರ್ಕ್ ಬಿಟ್ಟು ಬೆಲೀಜ್ ಮಾರ್ಗವಾಗಿ ಸಾಗಿದ ಇವರು, ಹೇಸರಗತ್ತೆಗಳ ಮೇಲೆ ಕೆಸರಿನ ಬೆಟ್ಟದಾರಿಯನ್ನು ಹಾದು ನವೆಂಬರಿನಲ್ಲಿ ಇಂದಿನ ಹೊಂಡುರಾಸ್‌ನ ಕೊಪಾನ್ ತಲುಪಿದರು. ನಿವೇಶನದ ಹಕ್ಕಿಗಾಗಿ ಸ್ಟೀಫನ್ಸ್ ಅಲ್ಲಿನ ಜಮೀನುದಾರನಿಗೆ 50 ಡಾಲರ್ ಕೊಟ್ಟ. ಶಿಲ್ಪಗಳನ್ನು ಬಿಡಿಸಿ ನ್ಯೂಯಾರ್ಕಿಗೆ ಸಾಗಿಸುವ ಹಂಚಿಕೆಯೂ ಈತನಿಗಿತ್ತು. ಅದು ಕೈಗೂಡದೆ ಹೋದದ್ದು ಕೊಪಾನಿನ ಪುಣ್ಯವೆನ್ನಬೇಕು.

ಎತ್ತರದ ಶಿಲಾಸ್ತಂಭಗಳ ಕೆತ್ತನೆ ಎಷ್ಟು ಒತ್ತೊತ್ತಾಗಿತ್ತೆಂದರೆ, ನುರಿತ ಕ್ಯಾದರ್‌ವುಡ್‌ನ ಆರಂಭದ ರೇಖಾಚಿತ್ರಗಳು ಕೆಟ್ಟವು. ಈಜಿಪ್ಟಿನಲ್ಲಿ ಪಳಗಿದ ಕೈಗೆ ಈ ಆಕೃತಿಗಳು ದಕ್ಕಲಿಲ್ಲ. ಕಾಲ ಕೆಳಗೆ ಕೆಸರು; ಸೊಳ್ಳೆಗಳ ಕಾಟಕ್ಕೆ ಕೈಗವಸು ತೊಟ್ಟೇ ಬರೆಯಬೇಕಿತ್ತು. ಮರಗಳನ್ನು ಕಡಿಸಿ ಬೆಳಕು ಬರಿಸಿದ ಮೇಲೆ, ಪಟ್ಟಕದ ಮೂಲಕ ಎದುರಿನ ವಸ್ತುವಿನ ಬಿಂಬವನ್ನು ಕಾಗದದ ಮೇಲಿರುವಂತೆ ಕಾಣಿಸುವ ಕ್ಯಾಮೆರಾ ಲುಸಿಡಾ ಎಂಬ ಉಪಕರಣದ ನೆರವಿನಿಂದ ಕೆಲಸ ಹಿಡಿತಕ್ಕೆ ಬಂತು. ಅರ್ಥ ತಿಳಿಯದ ಲಿಪಿಚಿಹ್ನೆಗಳನ್ನೂ ಈತ ಕಂಡಂತೆಯೇ ಬರೆದ. ಮುಂದೆ ಪಾಲೆಂಕೆಯನ್ನು ನೋಡಿ ಯುಕಟಾನಿನ ಉಶ್ಮಾಲ್ ತಲುಪುವಷ್ಟರಲ್ಲಿ ಕ್ಯಾದರ್‌ವುಡ್ ಜ್ವರದಿಂದ ಹಾಸಿಗೆ ಹಿಡಿದದ್ದರಿಂದ 1840ರ ಬೇಸಗೆಯಲ್ಲಿ ಇಬ್ಬರೂ ಹಿಂದಿರುಗಿದರು.

1841ರಲ್ಲಿ ಹೊರಬಂದ ಎರಡು ಸಂಪುಟಗಳ ಪ್ರವಾಸಕಥನ ಬಿಸಿಬಿಸಿಯಾಗಿ ಖರ್ಚಾಯಿತು. ಅದೇ ವರ್ಷ ಇಬ್ಬರೂ ವೈದ್ಯ ಸ್ಯಾಮ್ಯುಯೆಲ್ ಕ್ಯಾಬಟ್ ಜೊತೆಗೂಡಿ ಯುಕಟಾನಿಗೆ ಮರಳಿ, ಚಿಚೆನ್ ಇಟ್ಜಾ, ಕಬಾಹ್, ತುಲುಮ್ ಮುಂತಾದ ನಿವೇಶನಗಳನ್ನು ದಾಖಲಿಸಿದರು. ಆಗಷ್ಟೇ ಬಂದಿದ್ದ ಡಾಗೆರೊಟೈಪ್ ಛಾಯಾಗ್ರಹಣವನ್ನೂ ಪ್ರಯೋಗಿಸಿದರು. ಎರಡನೆಯ ಕಥನ 1843ರಲ್ಲಿ ಅಚ್ಚಾಯಿತು. ಅಷ್ಟರಲ್ಲಿ 1842ರ ಜುಲೈನಲ್ಲಿ ನ್ಯೂಯಾರ್ಕಿನ ಕ್ಯಾದರ್‌ವುಡ್‌ನ ಪ್ರದರ್ಶನಶಾಲೆಗೆ ಬೆಂಕಿ ಬಿದ್ದು, ಹೊತ್ತುತಂದಿದ್ದ ಕೆತ್ತನೆಯ ಮರದ ತೊಲೆಗಳೂ ಅನೇಕ ಚಿತ್ರಗಳೂ ಸುಟ್ಟುಹೋಗಿದ್ದವು. ಸಾಗಿಸಿ ತಂದದ್ದೇ ನಾಶಕ್ಕೆ ಕಾರಣವಾದ ಉದಾಹರಣೆಗಳಲ್ಲಿ ಇದೂ ಒಂದು.

ಈ ನಗರಗಳನ್ನು ಕಟ್ಟಿದವರು ಅಲ್ಲಿಯೇ ಬದುಕುತ್ತಿರುವ ಜನರ ಪೂರ್ವಿಕರು ಎಂಬುದು ಸ್ಟೀಫನ್ಸ್‌ನ ತೀರ್ಮಾನ. ಕೊಪಾನ್ ಮತ್ತು ಪಾಲೆಂಕೆಗಳ ಬರಹ ಒಂದೇ ಎಂದೂ, ಅದರಲ್ಲಿ ನಗರದ ಚರಿತ್ರೆಯೇ ಅಡಗಿದೆಯೆಂದೂ ಈತ ಗುರುತಿಸಿದ. ಇದು ಖಚಿತವಾದದ್ದು ನೂರಕ್ಕೂ ಹೆಚ್ಚು ವರ್ಷಗಳ ಬಳಿಕ: ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಜೊವ್ 1952ರಲ್ಲಿ ಲಿಪಿಯ ಧ್ವನಿಮೂಲಕ ಸ್ವರೂಪವನ್ನು ತೋರಿಸಿದ. ಶಾಸನಗಳಲ್ಲಿರುವುದು ಅರಸರ ಜೀವನಘಟನೆಗಳೆಂದು ತತಿಯಾನಾ ಪ್ರೊಸ್ಕೂರಿಯಾಕೊಫ್ 1960ರಲ್ಲಿ ಸಾಧಿಸಿದಳು. ಕಾಲನಿರ್ಣಯದಲ್ಲಿ ಮಾತ್ರ ಸ್ಟೀಫನ್ಸ್ ಎಡವಿದ: ಈತ ತೀರ ಹಳೆಯದಲ್ಲವೆಂದು ಬಗೆದ ಕೊಪಾನಿನ ರಾಜವಂಶ, ಸ್ಪೇನಿನವರು ಕಾಲಿಡುವುದಕ್ಕೆ ಸುಮಾರು ಏಳು ಶತಮಾನ ಮೊದಲೇ, 9ನೆಯ ಶತಮಾನದಲ್ಲಿ ಕೊನೆಗೊಂಡಿತ್ತು.