ಕೊಳಗದಿಂದ ಮತಪೆಟ್ಟಿಗೆಗೆ

ಚುನಾವಣೆ ಬಂತೆಂದರೆ ನಾವು ಮೊದಲು ವಿಚಾರಿಸುವುದು ಅಭ್ಯರ್ಥಿಯ ಬಳಿ ದುಡ್ಡೆಷ್ಟಿದೆ ಎಂದು. 1952ರಲ್ಲಿ ಸಾಗರ–ಹೊಸನಗರದ ಗೇಣಿದಾರರೂ ಹಾಗೆಯೇ ವಿಚಾರಿಸಿದ್ದರೆ ಮೂವತ್ತೂ ತುಂಬದ ಶಾಂತವೇರಿ ಗೋಪಾಲಗೌಡರು ಶಾಸಕರಾಗುತ್ತಿರಲಿಲ್ಲ.

ಆ ಗೆಲುವಿನ ಬೇರು ಕಾಗೋಡಿನಲ್ಲಿದೆ. ಗೇಣಿ ಭತ್ತ ಅಳೆಯಲು ಒಡೆಯರು ಬಳಸುತ್ತಿದ್ದ ಕೊಳಗ ದೊಡ್ಡದು. ಅದನ್ನು ಪ್ರಶ್ನಿಸಿದ ದೀವರ ಗೇಣಿದಾರರಿಗೆ ಉಳುವ ಗದ್ದೆಯೇ ತಪ್ಪಿತು. 1951ರ ಏಪ್ರಿಲ್‌ನಲ್ಲಿ ಅವರು ಸತ್ಯಾಗ್ರಹಕ್ಕಿಳಿದು ತಂಡತಂಡವಾಗಿ ಜೈಲು ಸೇರಿದರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದ್ದರು. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು. ರಾಮಮನೋಹರ ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು.

ಹೀಗೆ ಜೈಲು ಕಂಡು ಬಂದವರಿದ್ದ ಊರಿನಲ್ಲಿ ಪಕ್ಷಕ್ಕೆ ಕಾರ್ಯಕರ್ತರನ್ನು ಕೂಲಿಗೆ ಹಿಡಿಯುವ ಅಗತ್ಯವೇನಿತ್ತು? ಕೆಲಸ ಮಾತ್ರ ಸುಲಭದ್ದಲ್ಲ. ಆಗ ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಕಾಂಗ್ರೆಸ್ಸಿನದು ನೊಗ ಹೊತ್ತ ಜೋಡೆತ್ತು, ಸಮಾಜವಾದಿಗಳದು ಮರ. ಎತ್ತನ್ನೇ ನಂಬಿ ಬದುಕುವ ರೈತನಿಗೆ ಎತ್ತಿನ ಪೆಟ್ಟಿಗೆ ಬಿಟ್ಟು ಮರದ ಪೆಟ್ಟಿಗೆಗೆ ಚೀಟಿ ಹಾಕೆಂದು ಹೇಳಬೇಕು! ಪರದೆಯ ಹಿಂದೆ ಒಡೆಯನ ಕಣ್ಣು ತಲುಪದೆಂದು ನಂಬಿಸಬೇಕು. ನಮಗೆ ಇದೇ ದೊಡ್ಡ ಪ್ರಚಾರವಾಗಿ ಕಾಣುತ್ತದೆ.

'ಒಂದು ಓಟು, ಒಂದು ನೋಟು' ಎಂಬ ಮಾತು ಗೋಪಾಲಗೌಡರ ಹೆಸರಿಗೇ ಅಂಟಿಕೊಂಡಿದೆ. ಮತದ ಜೊತೆ ಹಣವನ್ನೂ ಕೊಡುವವನು ಮತದಾರ. ಇಂದು ನೋಟಿನ ದಿಕ್ಕೇ ಬದಲಾಗಿದೆ.

ಉತ್ಸಾಹ ಪ್ರತಿ ಸಲವೂ ಗೆಲ್ಲಿಸಲಿಲ್ಲ. 1957ರಲ್ಲಿ ಗೌಡರು ಸೋತರು; 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. 1974ರ ಭೂಸುಧಾರಣೆಯಿಂದ ಗೇಣಿದಾರರು ನೆಲದ ಒಡೆಯರಾಗುವ ದಾರಿ ತೆರೆದಾಗ ಅವರು ತೀರಿಕೊಂಡು ಎರಡು ವರ್ಷವಾಗಿತ್ತು.