ಹಡಗಿನ ರಜೆ, ಗುತ್ತಿಗೆಯವರ ಸೇವೆ

ಉರ್ದುವಿನಲ್ಲಿ ‘ರುಖ್ಸತ್’ ಎಂಬ ಪದವಿದೆ. ರಜೆಗೂ ಅದೇ, ಬೀಳ್ಕೊಡುಗೆಗೂ ಅದೇ. ಆಸ್ಟ್ರೇಲಿಯಾದ ‘ಲಾಂಗ್ ಸರ್ವಿಸ್ ಲೀವ್’ನ ಚರಿತ್ರೆ ಓದುವಾಗ ಈ ಪದ ಮತ್ತೆ ಮತ್ತೆ ನೆನಪಾಯಿತು. ಖಾಯಂ ನೌಕರನಿಗೆ ಅಲ್ಲಿ ಮೊದಲ ಅರ್ಥ ದಕ್ಕಿತು. ಗುತ್ತಿಗೆಯವನ ಪಾಲಿಗೆ ಬಹುಕಾಲ ಎರಡನೆಯದೇ ಉಳಿಯಿತು.

ಈ ರಜೆ ಹುಟ್ಟಿದ್ದು ಸಮುದ್ರಯಾನದ ಕಾರಣಕ್ಕೆ. ವಿಕ್ಟೋರಿಯಾ ವಸಾಹತು 1862ರಲ್ಲಿ, ಹತ್ತು ವರ್ಷ ದುಡಿದ ಸರ್ಕಾರಿ ನೌಕರನಿಗೆ ಅರ್ಧ ಸಂಬಳದ ಮೇಲೆ ಹನ್ನೆರಡು ತಿಂಗಳ ರಜೆ ಕೊಟ್ಟಿತು. ಸೂಯೆಜ್ ಕಾಲುವೆ ಇನ್ನೂ ತೆರೆದಿರಲಿಲ್ಲ. ಹಾಯಿಹಡಗಿನಲ್ಲಿ ಇಂಗ್ಲೆಂಡ್ ಮುಟ್ಟಲು ಎರಡು ಮೂರು ತಿಂಗಳು, ಮರಳಲು ಮತ್ತಷ್ಟೇ. ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳೂ ಹೀಗೆಯೇ ‘ಫರ್ಲೋ’ ಮೇಲೆ ಊರಿಗೆ ಹೋಗಿಬರುತ್ತಿದ್ದರು. ಅವರ ಬಂಗಲೆಯ ಖಾನ್‌ಸಾಮನ ರಜೆಯ ಮಾತು ಬೇರೆ ಬಿಡಿ!

ಸಾಮಾನ್ಯ ಕಾರ್ಮಿಕರಿಗೆ ಈ ಹಕ್ಕು ದೊರೆತದ್ದು 1950ರ ದಶಕದಲ್ಲಿ. ನ್ಯೂ ಸೌತ್ ವೇಲ್ಸ್‌ನ ಕಾಯಿದೆ 1955ರದು. ಆದರೆ ಅದಕ್ಕೊಂದು ಷರತ್ತಿತ್ತು. ಸೇವೆ ಒಬ್ಬನೇ ಮಾಲೀಕನ ಬಳಿ ಸಾಗಿರಬೇಕು. ಗಾರೆ ಕೆಲಸದವನು ಏನು ಮಾಡಬೇಕು? ಕಟ್ಟಡ ಎದ್ದು ನಿಂತ ದಿನವೇ ಅವನ ಕೆಲಸ ಮುಗಿಯುತ್ತದೆ. ಮೂವತ್ತು ವರ್ಷ ಇಟ್ಟಿಗೆ ಜೋಡಿಸಿದರೂ ಅವನ ಸೇವೆ ಕಾಗದದ ಮೇಲೆ ತುಂಡು ತುಂಡು.

1970ರ ದಶಕದಲ್ಲಿ ಅಲ್ಲಿನ ರಾಜ್ಯಗಳು ಇದಕ್ಕೊಂದು ದಾರಿ ಹುಡುಕಿದವು. ಸೇವೆಯನ್ನು ಮಾಲೀಕನ ಲೆಕ್ಕದಿಂದ ಬಿಡಿಸಿ ಇಡೀ ಉದ್ಯಮದ ಲೆಕ್ಕಕ್ಕೆ ತಂದವು. ಹಣ ಒಂದು ಸಾಮಾನ್ಯ ನಿಧಿಗೆ ಸೇರುತ್ತದೆ. ಕಾರ್ಮಿಕನ ಹೆಸರಿನಲ್ಲಿ ದಿನಗಳು ಜಮೆಯಾಗುತ್ತವೆ. ಮೇಸ್ತ್ರಿ ಬದಲಾದರೂ ಲೆಕ್ಕ ಮುಂದುವರಿಯುತ್ತದೆ.

ಕಸ ಗುಡಿಸುವವರ ಸಂಕಟ ಇನ್ನೂ ವಿಚಿತ್ರ. ಗಾರೆಯವನು ಜಾಗ ಬದಲಿಸುತ್ತಾನೆ, ಇವರು ಬದಲಿಸುವುದೂ ಇಲ್ಲ. ಅದೇ ಕಚೇರಿ, ಅದೇ ಮೆಟ್ಟಿಲು, ಅದೇ ಶೌಚಾಲಯ. ಟೆಂಡರ್ ಮುಗಿದು ಹೊಸ ಕಂಪನಿ ಬಂದರೆ ಅಂಗಿಯ ಬಣ್ಣ ಬದಲಾಗುತ್ತದೆ. ಸೇವೆಯ ಎಣಿಕೆ ಮತ್ತೆ ಒಂದರಿಂದ ಶುರು. ಹದಿನೈದು ವರ್ಷ ಅದೇ ನೆಲ ಒರೆಸಿದವಳು ಕಾನೂನಿನ ಕಣ್ಣಿಗೆ ನಿನ್ನೆ ಬಂದವಳು. ಇವರಿಗಾಗಿ ಕ್ವೀನ್ಸ್‌ಲ್ಯಾಂಡ್ 2005ರಲ್ಲಿ, ನ್ಯೂ ಸೌತ್ ವೇಲ್ಸ್ 2010ರಲ್ಲಿ ಕಾಯಿದೆ ಮಾಡಿದವು. ವಿಕ್ಟೋರಿಯಾದ 2018ರ ಕಾಯಿದೆ ಕಾವಲುಗಾರರನ್ನೂ ಸಮುದಾಯ ಸೇವೆಯವರನ್ನೂ ಒಳಗೆ ಸೇರಿಸಿಕೊಂಡಿತು.

ಈ ರಜೆ ಮಾಲೀಕನಿಗೆ ತೋರಿದ ನಿಷ್ಠೆಗೆ ಸಿಗುವ ಬಹುಮಾನ, ಕಂಪನಿ ಬಿಟ್ಟವನಿಗೆ ಏಕೆ ಎಂಬುದು ಉದ್ಯಮಿಗಳ ಆಕ್ಷೇಪ. ಸೋಜಿಗವೆಂದರೆ ಇಲ್ಲಿ ಕಂಪನಿ ಬಿಟ್ಟವಳು ಅವಳಲ್ಲ, ಗುತ್ತಿಗೆ ಕಳೆದುಕೊಂಡದ್ದು ಕಂಪನಿ.

ವಿಕ್ಟೋರಿಯಾದ ಯೋಜನೆ 2019ರ ಜುಲೈ 1ರಂದು ಜಾರಿಗೆ ಬಂತು. ಏಳು ವರ್ಷದ ಸೇವೆಗೆ ಸುಮಾರು ಆರು ವಾರದ ರಜೆ. ಮೊದಲ ದಿನವೇ ಹೆಸರು ದಾಖಲಾದವಳಿಗೆ ಏಳು ವರ್ಷ ತುಂಬುವುದು 2026ರ ಜುಲೈನಲ್ಲಿ. ಈ ಕೆಲಸದಲ್ಲಿ ಬೇರೆ ದೇಶಗಳಿಂದ ಬಂದವರು ಬಹಳ. ಆರು ವಾರ ಹಡಗಿಗೆ ಸಾಲದು, ವಿಮಾನದಲ್ಲಿ ಊರಿಗೆ ಹೋಗಿ ತಾಯಿಯ ಮುಖ ನೋಡಿ ಬರಬಹುದು.